ಡ್ಯಾಶ್‌ಬೋರ್ಡಿನ ಹಿಂದಣ ತಂತಿಗಳು

ಹಳೆಯ ಮೋಟಾರು ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ತಲೆಯಿಕ್ಕಿ ನೋಡಿದವನಿಗೆ, ಬಣ್ಣ ಮಾಸಿದ ತಂತಿಗಳೂ, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕೈಗಳು ಅವುಗಳ ಮೇಲೆ ಸುತ್ತಿದ ಕರಿಯ ಟೇಪೂ, ಎಲ್ಲಿಂದಲೋ ಹೊರಟು ಎಲ್ಲಿಯೂ ಸೇರದ ತುಂಡುಗಳೂ ಕೂಡಿ ಆದ ಆ ಗೋಜಲು ಹುಟ್ಟಿನಿಂದಲೇ ಹೀಗಿದ್ದಿರಬೇಕೆಂಬ ಭ್ರಮೆಯುಂಟಾಗುವುದು ಸಹಜ. ಆದರೆ ಕಾರು ಕಾರ್ಖಾನೆಯನ್ನು ಬಿಟ್ಟ ದಿನ ಅಲ್ಲಿ ಒಂದು ಕ್ರಮಬದ್ಧವಾದ ವ್ಯವಸ್ಥೆಯಿದ್ದಿತು. ಮುಂದೆಂದೋ ಒಡೆಯನು ಆಸೆಪಟ್ಟು ಕೂಡಿಸಬಹುದಾದ ಉಪಕರಣಗಳಿಗೂ ಅದು ಸ್ಥಳವನ್ನು ಕಾದಿರಿಸಿದ್ದಿತು.

ಕಾರಿನ ಆದಿಕಾಲದಲ್ಲಿ ಕಿಡಿ ಹೊತ್ತಿಸುವುದೊಂದನ್ನು ಬಿಟ್ಟರೆ ವಿದ್ಯುತ್ತಿಗೆ ಬೇರೆ ಕೆಲಸವಿರಲಿಲ್ಲ. ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿಸಿ ಪಡೆದ ಅಸಿಟಿಲೀನ್ ಅನಿಲವೇ ದೀಪವನ್ನು ಉರಿಸುತ್ತಿತ್ತು. ರಬ್ಬರಿನ ಬುರುಡೆಯನ್ನು ಹಿಚುಕಿದರೆ ಹಾರನ್ ಕೂಗುತ್ತಿತ್ತು. ಎಂಜಿನ್ನನ್ನು ಎಬ್ಬಿಸಲು ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಾಗಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು, ನಮ್ಮ ಚಾಲಕರ ಮಾತಿನ ‘ಸೆಲ್ಫ್’, 1912ರ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಬಂದ ಮೇಲೆ, ಬ್ಯಾಟರಿ ಎಂಜಿನ್ನನ್ನು ತಿರುಗಿಸುವುದು, ಎಂಜಿನ್ನು ಡೈನಮೋವನ್ನು ತಿರುಗಿಸುವುದು, ಡೈನಮೋ ಬ್ಯಾಟರಿಯನ್ನು ತುಂಬುವುದು ಎಂಬ ಚಕ್ರವು ಪೂರ್ಣವಾಯಿತು. ಒಮ್ಮೆ ಬ್ಯಾಟರಿ ಮನೆಹೊಕ್ಕಮೇಲೆ ಅದರಿಂದ ದುಡಿಸಿಕೊಳ್ಳಲು ಬರುವ ಬಂಧುಗಳಿಗೆ ಕೊರತೆಯೆಲ್ಲಿ? ದೀಪವೂ ಹಾರನ್ನೂ ಮೊದಲು ಬಂದವು. 1930ರಲ್ಲಿ ಗ್ಯಾಲ್ವಿನ್ ಸಂಸ್ಥೆಯ ‘ಮೊಟೊರೋಲಾ’ ರೇಡಿಯೋ ಬಂದಿತು.

ಇಂಗ್ಲೆಂಡಿನಲ್ಲಿ ಈ ವ್ಯವಹಾರದ ಬಹುಭಾಗವನ್ನು ತನ್ನದಾಗಿ ಮಾಡಿಕೊಂಡದ್ದು ಬರ್ಮಿಂಗ್‌ಹ್ಯಾಮಿನ ಲ್ಯೂಕಸ್ ಸಂಸ್ಥೆ. ಅದರ ಮೂಲಪುರುಷ ಜೋಸೆಫ್ ಲ್ಯೂಕಸ್ 1860ರ ದಶಕದಲ್ಲಿ ಕೈಗಾಡಿಯಲ್ಲಿ ಸೀಮೆಎಣ್ಣೆ ಮಾರುತ್ತಿದ್ದವನು. ಎಣ್ಣೆಯಿಂದ ಹಡಗಿನ ದೀಪಕ್ಕೆ, ಅಲ್ಲಿಂದ ಸೈಕಲ್ಲಿನ ದೀಪಕ್ಕೆ ಸಾಗಿದ ಉದ್ಯೋಗವು ಕಾಲಾನುಕ್ರಮದಲ್ಲಿ ಮೋಟಾರಿನ ಸಮಸ್ತ ವಿದ್ಯುದುಪಕರಣಗಳಿಗೂ ಹಬ್ಬಿತು. ಈ ಸಂಸ್ಥೆಯನ್ನು ‘ಕತ್ತಲೆಯ ರಾಜಕುಮಾರ’ನೆಂದು ಹಾಸ್ಯಮಾಡುವ ರೂಢಿ ಕಾರುಪ್ರಿಯರಲ್ಲಿದೆ. ಅರ್ಧಕ್ಕರ್ಧ ಅನ್ಯಾಯದ ಹಾಸ್ಯವೆಂದೇ ನನ್ನ ಅಭಿಪ್ರಾಯ. ಏಕೆಂದರೆ ಲ್ಯೂಕಸ್ ತಂತಿಗಳ ವರ್ಣಸಂಕೇತದಷ್ಟು ಸ್ಪಷ್ಟವಾದ ಕಟ್ಟಳೆ ಆ ಕಾಲದ ಯಂತ್ರಗಳಲ್ಲಿ ವಿರಳ. ಕಂದು ತಂತಿಯೆಂದರೆ ಬ್ಯಾಟರಿಯಿಂದ ನೇರವಾಗಿ, ಫ್ಯೂಸಿಲ್ಲದೆ ಬಂದುದು. ಬಿಳಿಯದು ಇಗ್ನಿಷನ್ ಕೀಲಿಯ ಅಧೀನ. ಅದೇ ಪ್ರವಾಹ ಫ್ಯೂಸನ್ನು ದಾಟಿದರೆ ಹಸಿರು. ಮುಂದೀಪಕ್ಕೆ ನೀಲಿ, ಪಕ್ಕದ ಮತ್ತು ಹಿಂದಣ ದೀಪಕ್ಕೆ ಕೆಂಪು, ಬಾಡಿ ಅರ್ಥಿಗೆ ಕಪ್ಪು. ಮಾರಿಸ್ ಮೈನರಿನಂಥ ಕಾರುಗಳಲ್ಲಿ ಇದ್ದುದು ಎರಡೇ ಫ್ಯೂಸು. ಫ್ಯೂಸಿನ ಪೆಟ್ಟಿಗೆಯ ನಾಲ್ಕು ತುದಿಗಳಲ್ಲಿ ಎ1ಕ್ಕೆ ಬಂದ ಕಂದು ತಂತಿಯ ಪ್ರವಾಹವು ಫ್ಯೂಸಿನ ಮೂಲಕ ಎ2ಕ್ಕೆ ಹೋಗಿ ಕೀಲಿಯ ಹಂಗಿಲ್ಲದೆ ಹಾರನ್ನಿನಂಥವನ್ನು ನಡೆಸುತ್ತಿತ್ತು. ಎ3ಕ್ಕೆ ಬಂದ ಬಿಳಿಯದು ಎ4ರಲ್ಲಿ ಹಸಿರಾಗಿ ಹೊರಟು ವೈಪರು, ಬ್ರೇಕ್ ದೀಪ, ಪೆಟ್ರೋಲ್ ಗೇಜುಗಳಿಗೆ ಹಂಚಿಕೆಯಾಗುತ್ತಿತ್ತು. ಹೊಸ ಉಪಕರಣವನ್ನು ಸೇರಿಸುವವನು ಎ2 ಅಥವಾ ಎ4ರಲ್ಲಿ ಸೇರಿಸತಕ್ಕದ್ದು ಎಂಬುದೇ ವ್ಯವಸ್ಥೆಯ ಆಶಯ.

ಈ ಆಶಯವನ್ನು ಪಾಲಿಸಿದವರು ಕಡಮೆ. ಫ್ಯೂಸಿನ ಪೆಟ್ಟಿಗೆ ಬಾನೆಟ್ಟಿನ ಕೆಳಗೆ, ರೇಡಿಯೋ ಒಳಗೆ. ಕೈಗೆ ಸಮೀಪದಲ್ಲಿ ಸ್ವಿಚ್ಚಿಗೆ ಬಂದ ಕಂದು ತಂತಿ ಜೀವಂತವಾಗಿರುವಾಗ, ಅದರ ಸಿಪ್ಪೆ ಸುಲಿದು ಇನ್ನೊಂದನ್ನು ಸುತ್ತಿಬಿಡುವುದಕ್ಕಿಂತ ಸುಲಭವಾದ ಮಾರ್ಗ ಯಾವುದು? ಆ ಸುಲಭಮಾರ್ಗದಲ್ಲಿ ಫ್ಯೂಸೆಂಬುದೇ ಇಲ್ಲ. ಹತ್ತಿಯ ಹೆಣಿಗೆಯೊಳಗಣ ರಬ್ಬರು ವಯಸ್ಸಾಗಿ ಉದುರಿದ ದಿನ ತಾಮ್ರವು ತಗಡಿಗೆ ತಗುಲಿದರೆ ಕಾಯುವುದು ತಂತಿಯೇ. ಇದರ ಮೇಲೆ ಆದಾಯವ್ಯಯದ ಪ್ರಶ್ನೆಯೊಂದುಂಟು. ಆಗ ಬಹುಪ್ರಚಲಿತವಾಗಿದ್ದ ಲ್ಯೂಕಸ್ ಸಿ-40 ಡೈನಮೋ ಕೊಡಬಲ್ಲದ್ದು ಹೆಚ್ಚೆಂದರೆ 22 ಆಂಪಿಯರು. 12 ವೋಲ್ಟಿನ ಕಾರಿನಲ್ಲಿ 50 ವ್ಯಾಟಿನ ಎರಡು ಮುಂದೀಪಗಳೇ 8ಕ್ಕೂ ಹೆಚ್ಚು ಆಂಪಿಯರನ್ನು ನುಂಗುವುವು. ಎಂಜಿನ್ನು ಮಂದಗತಿಯಲ್ಲಿ ನಿಂತಿರುವಾಗ ಡೈನಮೋವಿನ ಕೊಡುಗೆ ಹೆಸರಿಗೆ ಮಾತ್ರ. ಇಂಥ ಬಡಸಂಸಾರಕ್ಕೆ ಫಾಗ್ ಲ್ಯಾಂಪನ್ನೂ ಫ್ಯಾನನ್ನೂ ಹೊರಿಸಿದವನು, ಬೆಳಗ್ಗೆ ಸೆಲ್ಫ್ ಕೂಗದಿದ್ದರೆ ಲ್ಯೂಕಸನ್ನು ಬೈಯುವುದು ನ್ಯಾಯವಲ್ಲ.

ನಮ್ಮ ದೇಶಕ್ಕೆ ಈ ಪರಂಪರೆ ಬಂದುದು ಮುಖ್ಯವಾಗಿ ಮಾರಿಸ್ ಆಕ್ಸ್‌ಫರ್ಡಿನಿಂದ ಹುಟ್ಟಿದ ಅಂಬಾಸಡರಿನ ಮೂಲಕ. 1950ರ ದಶಕದ ಕೊನೆಯಿಂದ 2014ರವರೆಗೆ ಅದು ಉತ್ತರಪಾಡಾದಲ್ಲಿ ತಯಾರಾಯಿತು. 1960ರ ದಶಕದ ಆರಂಭದಲ್ಲಿ ಮದರಾಸಿನಲ್ಲಿ ಲ್ಯೂಕಸ್-ಟಿವಿಎಸ್ ತಲೆಯೆತ್ತಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಸಾಲಿನಲ್ಲಿ, ಕ್ಯಾಸೆಟ್ ಪ್ಲೇಯರ್, ರಾಗದ ಹಾರನ್, ರಿವರ್ಸ್ ಹಾಕಿದೊಡನೆ ಹಾಡುವ ಪೆಟ್ಟಿಗೆ ಮುಂತಾದ ವೈಭವಗಳೆಲ್ಲ ದೊರಕಿದ ಮೇಲೆ, ಮೂಲದ ವರ್ಣಸಂಕೇತವನ್ನು ಕೇಳುವವರು ಯಾರು? ಅಂಗಡಿಯಲ್ಲಿ ಯಾವ ಬಣ್ಣದ ಸುರುಳಿ ಬಿಚ್ಚಿತ್ತೋ ಅದೇ ತಂತಿ.

ಇಂಥ ಗೋಜಲನ್ನು ಬಿಡಿಸುವ ಬಲ್ಲಿದ ಎಲೆಕ್ಟ್ರಿಷಿಯನ್ನು ಮೊದಲು ಬ್ಯಾಟರಿಯ ಅರ್ಥ್ ತೆಗೆದಿಟ್ಟು, ಬಣ್ಣದಿಂದಲೇ ಸ್ವಂತದವನ್ನೂ ಪರಕೀಯವನ್ನೂ ಬೇರ್ಪಡಿಸುವನು. ಪರಕೀಯವಾದದ್ದನ್ನು ತುದಿಯವರೆಗೆ ಹಿಂಬಾಲಿಸಿ, ಕೆಲಸವಿಲ್ಲದ್ದನ್ನು ಕಿತ್ತು, ಉಳಿದುದಕ್ಕೆ ಪ್ರತ್ಯೇಕ ಫ್ಯೂಸನ್ನೂ, ಹೆಚ್ಚು ಹೊರೆಯ ದೀಪಕ್ಕೆ ರಿಲೇಯನ್ನೂ ಒದಗಿಸುವನು. ಅವನು ಮರೆಯಬಾರದ ಇನ್ನೊಂದು ವಿಷಯವಿದೆ. 1960ರ ದಶಕದ ನಡುವಿನವರೆಗೆ ಬಹುಪಾಲು ಬ್ರಿಟಿಷ್ ಕಾರುಗಳಲ್ಲಿ ಬಾಡಿಗೆ ಸೇರುತ್ತಿದ್ದುದು ಬ್ಯಾಟರಿಯ ಪಾಸಿಟಿವ್ ತುದಿ. ಬಲ್ಬಿಗೆ ಇದರಿಂದ ಬಾಧೆಯಿಲ್ಲ. ಟ್ರಾನ್ಸಿಸ್ಟರಿನ ರೇಡಿಯೋಗೂ ಆಲ್ಟರ್ನೇಟರಿನ ಡಯೋಡುಗಳಿಗೂ ತುದಿ ತಪ್ಪಿದರೆ ಕ್ಷಣದಲ್ಲಿ ಮರಣ. ಆದ್ದರಿಂದ ಹೊಸ ರೇಡಿಯೋಗಾಗಿ ಅರ್ಥನ್ನು ನೆಗೆಟಿವ್ ಮಾಡುವವನು ಬ್ಯಾಟರಿಯನ್ನು ತಿರುಗಿಸಿಟ್ಟರೆ ಸಾಲದು. ಇಗ್ನಿಷನ್ ಕಾಯಿಲಿನ ತಂತಿಗಳನ್ನು ಅದಲುಬದಲು ಮಾಡಿ, ಡೈನಮೋವಿನ ‘ಎಫ್’ ತುದಿಯಿಂದ ತಂತಿಯನ್ನು ಬಿಚ್ಚಿ, ಬ್ಯಾಟರಿಯ ಜೀವಂತ ತಂತಿಯನ್ನು ಆ ತುದಿಗೆ ಕ್ಷಣಮಾತ್ರ ಮುಟ್ಟಿಸಿ, ಅದರೊಳಗಣ ಉಳಿಕೆ ಕಾಂತತೆಯ ದಿಕ್ಕನ್ನು ಬದಲಿಸಿದ ತರುವಾಯವೇ ಎಂಜಿನ್ನನ್ನು ಎಬ್ಬಿಸತಕ್ಕದ್ದು.