ಪಾಪಾಸುಕಳ್ಳಿ: ತಡವಾಗಿ ಒಪ್ಪಿಕೊಂಡ ಒಂದು ತಪ್ಪು



ಕಳೆದ ವಾರ ನನ್ನ ಮೊಮ್ಮಗಳು ಅಂಗಡಿಯಿಂದ ಡ್ರ್ಯಾಗನ್ ಹಣ್ಣನ್ನು ತಂದು, ಹೋಳು ಮಾಡಿ ತಟ್ಟೆಯಲ್ಲಿಟ್ಟು, "ತಾತ, ಇದು ಕಳ್ಳಿ ಜಾತಿಯ ಹಣ್ಣಂತೆ, ಗೊತ್ತಾ?" ಎಂದಳು. "ಕಳ್ಳಿಯ ಹಣ್ಣನ್ನು ನಾನು ಬೈಯಪ್ಪನಹಳ್ಳಿಯ ಬೇಲಿಯಲ್ಲೇ ಕಿತ್ತು ತಿಂದಿದ್ದೇನಮ್ಮ" ಎಂದೆ. ಅವಳು ನಂಬದೆ ನಕ್ಕುಬಿಟ್ಟಳು. ಆ ನಗು ನನಗೆ ಬೇರೊಂದು ನಗುವನ್ನು ನೆನಪಿಗೆ ತಂದಿತು. ಬಹಳ ವರ್ಷಗಳ ಹಿಂದೆ ಒಂದು ತರಗತಿಯನ್ನೇ ನಗಿಸಿ, ಒಬ್ಬ ವಿದ್ಯಾರ್ಥಿನಿಯನ್ನು ನಾನು ಸುಮ್ಮನೆ ಕೂರಿಸಿದ್ದೆ. ಆ ಸಂಗತಿಯನ್ನು ಇಂದು ಬರೆಯದೆ ವಿಧಿಯಿಲ್ಲ.

ನಾನು ಹುಡುಗನಾಗಿದ್ದಾಗ, ಅಂದರೆ 1950ರ ದಶಕದಲ್ಲಿ, ಬೈಯಪ್ಪನಹಳ್ಳಿ ಹೊಲಗದ್ದೆಗಳ ಊರು. 1864ರಲ್ಲಿ ಜೋಲಾರಪೇಟೆಯಿಂದ ದಂಡಿನವರೆಗೆ ಹಾಕಿದ ರೈಲುದಾರಿ ಊರ ಪಕ್ಕದಲ್ಲೇ ಹಾದುಹೋಗುತ್ತಿತ್ತು. ದಾರಿಯ ಅಂಚಿನಲ್ಲಿ ಕತ್ತಾಳೆ. ಅದರಾಚೆಯ ಕಲ್ಲುಗುಡ್ಡೆಗಳ ಮೇಲೆ ಅಲ್ಲೊಂದು ಇಲ್ಲೊಂದು ಪಾಪಾಸುಕಳ್ಳಿಯ ಮೆಳೆ. ಪಾಪಾಸು ಎಂದರೆ ಚಪ್ಪಲಿ. ಗಿಡದ ಒಂದೊಂದು ತುಂಡೂ ಚಪ್ಪಲಿಯ ಅಟ್ಟೆಯ ಹಾಗೆ ಚಪ್ಪಟೆಯಾಗಿ, ಒಂದರ ತಲೆಯ ಮೇಲೊಂದು ಹುಟ್ಟಿಕೊಳ್ಳುವುದರಿಂದ ಈ ಹೆಸರು. ಡಬ್ಬಗಳ್ಳಿ ಎಂದೂ ಕರೆಯುತ್ತಿದ್ದರು. ಹಳದಿ ಹೂವು ಉದುರಿದ ಮೇಲೆ ಕಡುಗೆಂಪು ಬಣ್ಣದ ಹಣ್ಣು ಬರುತ್ತಿತ್ತು. ಅದನ್ನು ಕಡ್ಡಿಯಿಂದ ಬೀಳಿಸಿ, ಮಣ್ಣಿನಲ್ಲಿ ಚೆನ್ನಾಗಿ ಹೊರಳಾಡಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳನ್ನು ಉಜ್ಜಿ ತೆಗೆದು ಸೀಳಬೇಕು. ನಾಲಗೆ, ತುಟಿ, ಅಂಗಿ ಎಲ್ಲವೂ ಕೆಂಪಾಗುತ್ತಿದ್ದವು. ಮನೆಗೆ ಹೋದರೆ ಏನು ತಿಂದೆವೆಂದು ಸುಳ್ಳು ಹೇಳಲು ಸಾಧ್ಯವೇ ಇರಲಿಲ್ಲ!

ಇನ್ನು ತರಗತಿಯ ಪ್ರಸಂಗ. 1978ನೆಯ ಇಸವಿಯೋ 79ನೆಯದೋ ಇರಬೇಕು. ಮೂರನೆಯ ಮೈಸೂರು ಯುದ್ಧದ ಪಾಠ ಮಾಡುತ್ತಿದ್ದೆ. ಕಾರ್ನ್‌ವಾಲಿಸನ ಸೈನ್ಯವು 1791ರ ಮಾರ್ಚ್ 7ರಂದು ಬೆಂಗಳೂರು ಪೇಟೆಯನ್ನೂ, 21ರ ರಾತ್ರಿ ಕೋಟೆಯನ್ನೂ ಹಿಡಿದ ಕಥೆ. ಪೇಟೆಯ ಸುತ್ತ ಕಂದಕವೂ ದಟ್ಟವಾದ ಮುಳ್ಳುಬೇಲಿಯೂ ಇದ್ದುದನ್ನು ವರ್ಣಿಸಿ, ಉತ್ಸಾಹದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, "ನಮ್ಮ ಹಳ್ಳಿಗಳ ಸುತ್ತಲೂ ಹೀಗೆಯೇ ಪಾಪಾಸುಕಳ್ಳಿಯ ಕೋಟೆಯಿತ್ತು. ಅದು ಅನಾದಿಕಾಲದಿಂದ ಈ ನೆಲದ ಗಿಡ. ಊರು ಬೆಳೆದಂತೆ ಜನ ಕಡಿದುಹಾಕಿದರು" ಎಂದೆ.

ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಕಡಿದಿದ್ದಲ್ವಂತೆ. ಬಿಳೀ ಹತ್ತಿ ಥರದ ಹುಳ ಬಂದು ತಿಂದುಹಾಕ್ತಂತೆ. ನಮ್ಮಜ್ಜಿ ಹೇಳ್ತಾರೆ. ಅದನ್ನ ಹಿಸುಕಿದ್ರೆ ಕೈಯೆಲ್ಲಾ ರಕ್ತದ ಹಾಗೆ ಆಗ್ತಿತ್ತಂತೆ" ಎಂದಳು.

"ಆ ಮುಳ್ಳನ್ನು ತಿನ್ನುವ ಹುಳಕ್ಕೆ ಕಬ್ಬಿಣದ ಹಲ್ಲೇ ಇರಬೇಕು, ಕೂತುಕೋಮ್ಮ" ಎಂದೆ. ಇಡೀ ತರಗತಿ ಗೊಳ್ಳೆಂದು ನಕ್ಕಿತು. ಅವಳು ಕುಳಿತಳು. ಆ ವರ್ಷವೆಲ್ಲ ಅವಳು ಮತ್ತೆ ಎದ್ದು ಪ್ರಶ್ನೆ ಕೇಳಿದ ನೆನಪು ನನಗಿಲ್ಲ.

ನಿವೃತ್ತನಾದ ಮೇಲೆ ಓದಲು ಬಿಡುವು ಸಿಕ್ಕಿತು. ಆಗ ತಿಳಿದದ್ದು: ನಾನು ಅಂದು ಹೇಳಿದ ಮಾತುಗಳೆಲ್ಲ ತಪ್ಪು, ಆ ಅಜ್ಜಿ ಹೇಳಿದ್ದೇ ಸರಿ.

ಮೊದಲನೆಯದಾಗಿ, ಪಾಪಾಸುಕಳ್ಳಿ ನಮ್ಮ ನೆಲದ್ದಲ್ಲ. ಮುರಿದರೆ ಹಾಲು ಸುರಿಸುವ ನಮ್ಮ ಹಳೆಯ ಕಳ್ಳಿಗಳ ಕುಲವೇ ಬೇರೆ. ಪಾಪಾಸುಕಳ್ಳಿಯಲ್ಲಿ ಹಾಲಿಲ್ಲ, ಬರಿಯ ಲೋಳೆ. ಇದರ ಬಳಗವೆಲ್ಲ ಅಮೆರಿಕ ಖಂಡಗಳದು. ಮೆಕ್ಸಿಕೋ ದೇಶದ ಧ್ವಜದಲ್ಲಿ ಗರುಡಪಕ್ಷಿ ಕುಳಿತಿರುವುದು ಇದರ ದಾಯಾದಿಯ ಮೇಲೆಯೇ. ನಾವು ಹಣ್ಣು ತಿಂದ ಜಾತಿಯ ತವರು ಮರುಭೂಮಿಯೂ ಅಲ್ಲ. ಮೆಕ್ಸಿಕೋ ಕೊಲ್ಲಿ ಮತ್ತು ಕೆರಿಬಿಯನ್ ದ್ವೀಪಗಳ ಮರಳು ದಂಡೆಗಳು. ಉಪ್ಪುಗಾಳಿಯಲ್ಲಿ, ನೀರು ನಿಲ್ಲದ ಮರಳಿನಲ್ಲಿ ಬದುಕಲು ಕಲಿತ ಗಿಡಕ್ಕೆ ನಮ್ಮ ಕಲ್ಲುಗುಡ್ಡೆ ಸುಖವಾಗಿಯೇ ಕಂಡಿರಬೇಕು. ಹಗಲಿನ ಬಿಸಿಲಿನಲ್ಲಿ ನೀರು ಆರಿಹೋಗದಂತೆ ಇದು ತನ್ನ ಉಸಿರಿನ ರಂಧ್ರಗಳನ್ನು ಮುಚ್ಚಿಕೊಂಡಿದ್ದು, ರಾತ್ರಿ ತೆರೆದು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ.

ಇನ್ನು ಹುಳುವಿನ ವಿಚಾರ. ಅದರ ಹೆಸರು ಕೊಚಿನೀಲ್. ನಮ್ಮ ಹಿರಿಯರು ಕಿರಮಂಜಿ ಎನ್ನುತ್ತಿದ್ದ ಕೆಂಪು ಬಣ್ಣವನ್ನು ಈ ಹುಳುಗಳನ್ನು ಒಣಗಿಸಿ ತೆಗೆಯುತ್ತಿದ್ದರು. ಒಂದು ಪೌಂಡ್ ಬಣ್ಣದ ಸರಕಿಗೆ ಸುಮಾರು 70,000 ಹುಳುಗಳು ಬೇಕು. ಈ ವ್ಯಾಪಾರ ಬಹುಕಾಲ ಮೆಕ್ಸಿಕೋವನ್ನು ಆಳುತ್ತಿದ್ದ ಸ್ಪೇನಿನ ಹಿಡಿತದಲ್ಲಿತ್ತು. ಇಂಗ್ಲಿಷ್ ಸೇನಾಧಿಕಾರಿಗಳ ಕೆಂಪು ಕೋಟಿಗೆ ಬೇಕಾಗಿದ್ದುದು ಇದೇ ಬಣ್ಣ. ಸಾಮಾನ್ಯ ಸಿಪಾಯಿಯ ಕೋಟಿಗೆ ಮಂಜಿಷ್ಠದ ಬೇರಿನ ಅಗ್ಗದ ಕೆಂಪು ಸಾಕಾಗಿತ್ತು. ಆದುದರಿಂದ ಈ ಬಣ್ಣವನ್ನು ಇಂಡಿಯಾದಲ್ಲೇ ಬೆಳೆಯಬೇಕೆಂದು ಕಂಪನಿಯವರು ಹಟ ತೊಟ್ಟರು. ಜೇಮ್ಸ್ ಆಂಡರ್ಸನ್ ಎಂಬ ವೈದ್ಯರು 1780ರ ದಶಕದ ಕೊನೆಗೆ ಮದರಾಸಿನ ಸೈದಾಪೇಟೆಯಲ್ಲಿ ಇದಕ್ಕೆಂದೇ ಕಳ್ಳಿಯ ತೋಟ ಮಾಡಿದರು. ಕಳ್ಳಿಯಿತ್ತು, ಹುಳುವಿರಲಿಲ್ಲ!

1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬವನು ಹಡಗಿನಲ್ಲಿ ಬರುವಾಗ ಬ್ರೆಜಿಲಿನ ರಿಯೋ ಡಿ ಜನೈರೋದಿಂದ ಹುಳುಗಳನ್ನು ತಂದು ಕಲ್ಕತ್ತೆಗೆ ಮುಟ್ಟಿಸಿದ. ಅಲ್ಲಿನ ಸಸ್ಯೋದ್ಯಾನದಲ್ಲಿ ರಾಕ್ಸ್‌ಬರ್ಗ್ ಅವುಗಳನ್ನು ಸಾಕಿದರು. ತಂದದ್ದು ಮೆಕ್ಸಿಕೋದ ಉತ್ತಮ ತಳಿಯಲ್ಲ, ಕೀಳು ಬಣ್ಣದ ಕಾಡುಜಾತಿ. ವ್ಯಾಪಾರ ಕೈಗೂಡಲಿಲ್ಲ. ಆದರೆ ಅಷ್ಟರಲ್ಲಿ ಇಲ್ಲಿ ಬೇರೂರಿದ್ದ ಒಂದು ಜಾತಿಯ ಪಾಪಾಸುಕಳ್ಳಿಯನ್ನು ಈ ಹುಳು ನಾಶಮಾಡತೊಡಗಿತು. ಇದನ್ನು ಕಂಡು 1836ರಿಂದ 1838ರ ನಡುವೆ ಬೇಕೆಂದೇ ದಕ್ಷಿಣಕ್ಕೂ ತಂದು ಬಿಟ್ಟರು. ಕಳೆಯನ್ನು ಕೀಟದಿಂದ ಅಡಗಿಸುವ ವಿದ್ಯೆಗೆ ಜಗತ್ತಿನಲ್ಲೇ ಮೊದಲ ಉದಾಹರಣೆ ಇದೆಂದು ವಿಜ್ಞಾನಿಗಳು ಗುರುತಿಸುತ್ತಾರೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ತೆರವಾದ ಜಾಗಕ್ಕೆ ಇನ್ನೊಂದು ಜಾತಿಯ ಪಾಪಾಸುಕಳ್ಳಿ, ನಾವು ಹಣ್ಣು ತಿಂದದ್ದೇ, ನುಗ್ಗಿತು. ಹಳೆಯ ಹುಳು ಇದನ್ನು ಮುಟ್ಟುತ್ತಿರಲಿಲ್ಲ. ಗೋಮಾಳ, ಹೊಲ, ಬಾವಿದಾರಿಗಳೆಲ್ಲ ಮುಳ್ಳಾದವು. ಕೊನೆಗೆ 1926ರಲ್ಲಿ ಸಿಂಹಳದಿಂದ ಮತ್ತೊಂದು ಜಾತಿಯ ಕೊಚಿನೀಲ್ ಹುಳುವನ್ನು ತರಿಸಲಾಯಿತು. ಐದಾರು ವರ್ಷಗಳಲ್ಲಿ ದಕ್ಷಿಣ ಇಂಡಿಯಾದ ಎಷ್ಟೋ ಕಡೆ ಕಳ್ಳಿಯ ಕಾಡುಗಳು ಕೊಳೆತು ಕುಸಿದವು. ಆಸ್ಟ್ರೇಲಿಯಾದಲ್ಲಿಯೂ ಆ ಕಾಲದಲ್ಲೇ ಅರ್ಜೆಂಟೀನಾದಿಂದ ತರಿಸಿದ ಒಂದು ಚಿಟ್ಟೆಯ ಮರಿಹುಳು ಕಳ್ಳಿಯನ್ನು ತಿಂದು ರೈತರ ಭೂಮಿ ಬಿಡಿಸಿತು. ಅದರ ಉಪಕಾರವನ್ನು ನೆನೆದು ಕ್ವೀನ್ಸ್‌ಲ್ಯಾಂಡಿನ ಬೂನಾರ್ಗಾದಲ್ಲಿ ಜನ ಆ ಕೀಟದ ಹೆಸರಿನಲ್ಲಿ ಒಂದು ಸಭಾಭವನವನ್ನೇ ಕಟ್ಟಿದ್ದಾರೆ. ನಮ್ಮಲ್ಲಿ ಆ ಹುಳು ಉಳಿದದ್ದು ಅಜ್ಜಿಯರ ಮಾತಿನಲ್ಲಿ ಮಾತ್ರ.

ಈಗ ಅಜ್ಜಿಯ ಸಾಕ್ಷಿಯನ್ನು ಪರಿಶೀಲಿಸಿ. ಬಿಳಿಯ ಹತ್ತಿ: ಹೌದು, ಹೆಣ್ಣು ಹುಳು ತನ್ನ ಮೈಮೇಲೆ ಮೇಣದ ಬಿಳಿ ಎಳೆಗಳನ್ನು ಹೊದ್ದುಕೊಂಡಿರುತ್ತದೆ. ಹಿಸುಕಿದರೆ ರಕ್ತ: ಹೌದು, ಶತ್ರುಗಳನ್ನು ದೂರವಿಡಲು ಅದು ತನ್ನ ಒಡಲಲ್ಲಿ ತಯಾರಿಸಿಕೊಳ್ಳುವ ಕೆಂಪು ರಸ ಅದು. ಕಾಲ: 1978ರಲ್ಲಿ ಮೊಮ್ಮಗಳು ಎಂಟನೆಯ ತರಗತಿಯಲ್ಲಿದ್ದರೆ, 1926ರ ನಂತರದ ವರ್ಷಗಳಲ್ಲಿ ಅಜ್ಜಿ ಹದಿಹರೆಯದವರಾಗಿದ್ದಿರಬೇಕು, ಸೌದೆಗೆ, ದನ ಮೇಯಿಸಲು ಹೋಗಿ ಕಣ್ಣಾರೆ ಕಂಡ ಸಂಗತಿಯನ್ನೇ ಹೇಳಿದ್ದಾರೆ. ಹುಳುವಿಗೆ ಕಬ್ಬಿಣದ ಹಲ್ಲಿನ ಅಗತ್ಯವೂ ಇರಲಿಲ್ಲ. ಅದು ಸೂಜಿಯಂಥ ಬಾಯನ್ನು ಗಿಡದೊಳಗೆ ಚುಚ್ಚಿ, ಕುಳಿತಲ್ಲೇ ರಸ ಹೀರುತ್ತದೆ. ನನ್ನ ಹಾಸ್ಯವೂ ತಪ್ಪೇ ಆಯಿತು.

ನಾನು ಬಾಲ್ಯದಲ್ಲಿ ಕಂಡ ಮೆಳೆಗಳು, ಹಾಗಾದರೆ, ಆ ದೊಡ್ಡ ನಾಶದಲ್ಲಿ ಅಳಿದುಳಿದ ಚೂರುಗಳು. ಅವುಗಳನ್ನೇ ಅನಾದಿಕಾಲದ ಕುರುಹೆಂದು ಬಗೆದಿದ್ದೆ. ಅವೂ ಈಗಿಲ್ಲ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಗೆ ಮೆಟ್ರೋ ಆರಂಭವಾದ ಮೇಲೊಮ್ಮೆ ಆ ಕಡೆ ನಡೆದುಹೋಗಿ ಹುಡುಕಿದೆ. ಒಂದು ತುಂಡು ಕಳ್ಳಿಯೂ ಕಾಣಲಿಲ್ಲ.

ಇತಿಹಾಸದ ಮೇಷ್ಟ್ರಾಗಿ ನಾನು ಮೂರು ದಶಕಗಳ ಕಾಲ ಆಧಾರ, ಆಧಾರ ಎಂದು ಬೋರ್ಡಿನ ಮೇಲೆ ಬರೆದವನು. ಆಧಾರವೇ ಎದ್ದು ನಿಂತು ಮಾತನಾಡಿದಾಗ ಕೂತುಕೋ ಎಂದೆ. ಅಚ್ಚಾದ ಪುಸ್ತಕದಲ್ಲಿ ಇಲ್ಲದ್ದು, ಓದುಬರಹ ಬಾರದ ಹೆಂಗಸು ಹೇಳಿದ್ದು ಎಂಬುದಷ್ಟೇ ನನ್ನ ತಿರಸ್ಕಾರಕ್ಕೆ ಕಾರಣವಾಗಿತ್ತು.

ಆ ವಿದ್ಯಾರ್ಥಿನಿ ಇದನ್ನು ಓದುತ್ತಿದ್ದರೆ, ಅವರೂ ಈಗ ಅಜ್ಜಿಯಾಗಿರಬಹುದು. ಅಮ್ಮಾ, ನಿಮ್ಮ ಅಜ್ಜಿ ಹೇಳಿದ್ದು ಸತ್ಯ. ಅಂದು ನೀವು ಕುಳಿತುಕೊಳ್ಳಬೇಕಾಗಿರಲಿಲ್ಲ. ಉಳಿದ ಶಿಷ್ಯರಲ್ಲಿ ಒಂದು ಕೋರಿಕೆ: ನಿಮ್ಮ ಮನೆಯ ಹಿರಿಯರಿಗೆ ಈ ಬಿಳಿ ಹುಳುವಿನ ನೆನಪು, ಅವರ ಅಪ್ಪ ಅಮ್ಮಂದಿರು ಹೇಳಿದ್ದಾದರೂ ಸರಿ, ಇದ್ದರೆ ಕೇಳಿ ಬರೆದು ತಿಳಿಸಿ. ಈ ಸಲ ಮೇಷ್ಟ್ರು ನಗುವುದಿಲ್ಲ.