‘ಸೆಕೆಂಡ್ ಕಮಿಂಗ್’: ಯೇಸುವಿನ ಪುನರಾಗಮನದ ಚಿತ್ರಕಥಾ ಮಾಲಿಕೆ

ಕ್ರೈಸ್ತ ಧರ್ಮದ ಮೂಲಭೂತ ಪ್ರಶ್ನೆಗಳನ್ನು ಕಥಾವಸ್ತುವಾಗಿಸಿಕೊಂಡ ಆಧುನಿಕ ಚಿತ್ರಕಥೆಗಳಲ್ಲಿ ‘ಸೆಕೆಂಡ್ ಕಮಿಂಗ್’ ಹೆಚ್ಚು ಚರ್ಚೆಗೊಳಗಾದ ಮಾಲಿಕೆ. ಇದರ ಕಥೆ ಮಾರ್ಕ್ ರಸೆಲ್ ಅವರದು, ಚಿತ್ರಗಳು ರಿಚರ್ಡ್ ಪೇಸ್ ಅವರವು. ಮೊದಲ ಸಂಚಿಕೆ 2019ರ ಜುಲೈ 10ರಂದು ಅಮೆರಿಕದಲ್ಲಿ ಪ್ರಕಟವಾಯಿತು. ಆದರೆ ಅದರ ಮೇಲಿನ ವಿವಾದ ಆ ಹೊತ್ತಿಗಾಗಲೇ ಆರು ತಿಂಗಳಷ್ಟು ಹಳೆಯದಾಗಿತ್ತು. ಅಂದರೆ, ಯಾರೂ ಓದುವ ಮೊದಲೇ ಈ ಕೃತಿ ವಿಚಾರಣೆಗೆ ಗುರಿಯಾಗಿತ್ತು. ಈ ಕಾರಣದಿಂದ ಮಾಲಿಕೆಯ ವಸ್ತುವನ್ನೂ ವಿವಾದದ ಇತಿಹಾಸವನ್ನೂ ಒಟ್ಟಿಗೆ ಪರಿಶೀಲಿಸುವುದು ಸೂಕ್ತವೆಂದು ನಾವು ಭಾವಿಸುತ್ತೇವೆ.

ಹೆಸರಿನ ಹಿನ್ನೆಲೆ

ಶಿಲುಬೆಯ ಮರಣದ ಅನಂತರ ಪುನರುತ್ಥಾನ ಹೊಂದಿ ಸ್ವರ್ಗಕ್ಕೇರಿದ ಯೇಸುಕ್ರಿಸ್ತನು ಮತ್ತೊಮ್ಮೆ ಭೂಮಿಗೆ ಬರುವನೆಂಬುದು ಕ್ರೈಸ್ತ ವಿಶ್ವಾಸದ ಮುಖ್ಯ ಅಂಶಗಳಲ್ಲೊಂದು. ಕನ್ನಡ ಕ್ರೈಸ್ತರು ಇದನ್ನು ‘ಎರಡನೆಯ ಬರೋಣ’ ಎಂದೂ ‘ಪುನರಾಗಮನ’ ಎಂದೂ ಕರೆಯುತ್ತಾರೆ. ಮಾಲಿಕೆಯ ಹೆಸರು ಇದನ್ನೇ ಸೂಚಿಸುತ್ತದೆ. ವಿಶ್ವಾಸಿಗಳ ನಿರೀಕ್ಷೆಯಂತೆ ಈ ಬರೋಣವು ಮಹಿಮೆಯಿಂದ ಕೂಡಿದ್ದು, ಜೀವಂತರಿಗೂ ಮೃತರಿಗೂ ನ್ಯಾಯತೀರ್ಪು ನೀಡುವಂಥದು. ರಸೆಲ್ ಅವರ ಕಥೆಯಲ್ಲಾದರೋ ಯೇಸು ಬರುವುದು ತೀರ್ಪು ನೀಡಲಿಕ್ಕಲ್ಲ, ತಂದೆಯ ಅಪ್ಪಣೆಯಂತೆ ಪಾಠ ಕಲಿಯಲಿಕ್ಕೆ.

ಕಥಾವಸ್ತು

ಈ ಕಥೆಯ ದೇವರು ಮುಂಗೋಪಿ. ತನ್ನ ಸೃಷ್ಟಿಯ ಬಗ್ಗೆ ಬೇಸರಗೊಂಡವನು. ಮಗನನ್ನು ಭೂಮಿಗೆ ಕಳುಹಿಸಿದರೆ ಅವನು ಬಹುಬೇಗ ಶಿಲುಬೆಗೇರಿ ಹಿಂತಿರುಗಿದನೆಂಬ ಮುಜುಗರ ಅವನಿಗೆ. ಆದ್ದರಿಂದ ಎರಡು ಸಾವಿರ ವರ್ಷಗಳ ಕಾಲ ಮಗನನ್ನು ಸ್ವರ್ಗದಲ್ಲೇ ಇರಿಸಿಕೊಂಡಿದ್ದಾನೆ. ಅಷ್ಟರಲ್ಲಿ ಸನ್‌ಸ್ಟಾರ್ ಎಂಬ ಸೂಪರ್‌ಹೀರೋ ಅವನ ಕಣ್ಣಿಗೆ ಬೀಳುತ್ತಾನೆ. ದುಷ್ಟರನ್ನು ಬಾಹುಬಲದಿಂದ ಸದೆಬಡಿಯುವ ಈ ಮಹಾಶಕ್ತನನ್ನು ಮೆಚ್ಚಿದ ದೇವರು, ಶಕ್ತಿಯನ್ನು ಹೇಗೆ ಬಳಸಬೇಕೆಂಬುದನ್ನು ಕಲಿತು ಬಾ ಎಂದು ಯೇಸುವನ್ನು ಅವನ ಮನೆಗೆ ಕಳುಹಿಸುತ್ತಾನೆ.

ಒಂದೇ ಸೂರಿನಡಿ ಬದುಕುವ ಈ ಇಬ್ಬರ ನಡುವಿನ ಸಂವಾದವೇ ಮಾಲಿಕೆಯ ಜೀವಾಳ. ಸನ್‌ಸ್ಟಾರ್‌ಗೆ ಪ್ರತಿಯೊಂದು ಸಮಸ್ಯೆಗೂ ಮುಷ್ಟಿಯೇ ಪರಿಹಾರ. ಆದರೂ ಅವನ ಸ್ವಂತ ಬಾಳಿನ ತೊಡಕುಗಳು ಮುಷ್ಟಿಗೆ ಬಗ್ಗುವುದಿಲ್ಲ. ಯೇಸುವಾದರೋ ತನ್ನ ಹೆಸರಿನಲ್ಲಿ ಇಷ್ಟು ಶತಮಾನಗಳಿಂದ ಏನೇನು ನಡೆದಿದೆ ಎಂಬುದನ್ನು ಕಂಡು ದಿಗ್ಭ್ರಮೆಗೊಳ್ಳುತ್ತಾನೆ. ಹಾಗಿದ್ದೂ ಕ್ಷಮೆ ಮತ್ತು ಕರುಣೆಯ ಮಾರ್ಗವನ್ನು ಬಿಡುವುದಿಲ್ಲ. ಶಿಷ್ಯನಾಗಿ ಬಂದವನು ನಿಧಾನವಾಗಿ ಗುರುವಾಗುತ್ತಾನೆ.

ಚಿತ್ರಣದ ವಿಧಾನವೂ ಈ ದ್ವಂದ್ವಕ್ಕೆ ಒದಗಿಬಂದಿದೆ. ಬೈಬಲ್ ಕಾಲದ ಮತ್ತು ಸ್ವರ್ಗದ ಪ್ರಸಂಗಗಳನ್ನು ಪೇಸ್ ತಮ್ಮದೇ ಆದ ಒರಟು ರೇಖೆಗಳಲ್ಲಿ ಬಿಡಿಸಿದ್ದಾರೆ. ಸೂಪರ್‌ಹೀರೋ ಪ್ರಸಂಗಗಳಿಗೆ ಲೆನರ್ಡ್ ಕರ್ಕ್ ಅವರು ಆ ಪ್ರಕಾರದ ಓದುಗರಿಗೆ ಪರಿಚಿತವಾದ ನುಣುಪನ್ನು ನೀಡಿದ್ದಾರೆ.

ವಿವಾದ ಮತ್ತು ಪ್ರಕಾಶಕರ ಬದಲಾವಣೆ

ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಪಾತ್ರಗಳಿಂದ ಹೆಸರಾದ ಡಿಸಿ ಸಂಸ್ಥೆಯು ತನ್ನ ‘ವರ್ಟಿಗೊ’ ವಿಭಾಗದಿಂದ ಈ ಮಾಲಿಕೆಯನ್ನು ಹೊರತರುವುದಾಗಿ 2018ರಲ್ಲಿ ಪ್ರಕಟಿಸಿತು. ಮೊದಲ ಸಂಚಿಕೆ 2019ರ ಮಾರ್ಚ್‌ನಲ್ಲಿ ಬರಬೇಕಿತ್ತು. ಅಷ್ಟರಲ್ಲಿ ಸ್ಪೇನ್ ದೇಶದಲ್ಲಿ ಹುಟ್ಟಿದ ‘ಸಿಟಿಜನ್‌ಗೋ’ ಎಂಬ ಸಂಪ್ರದಾಯನಿಷ್ಠ ಸಂಘಟನೆಯು ಇದು ದೈವನಿಂದೆಯೆಂದು ಆಕ್ಷೇಪಿಸಿ ಅಂತರಜಾಲದಲ್ಲಿ ಮನವಿ ಹೊರಡಿಸಿತು. 2 ಲಕ್ಷಕ್ಕೂ ಹೆಚ್ಚು ಮಂದಿ ಅದಕ್ಕೆ ಸಹಿ ಹಾಕಿದರು. ಫೆಬ್ರವರಿಯಲ್ಲಿ ಡಿಸಿ ಪ್ರಕಟಣೆಯನ್ನು ಕೈಬಿಟ್ಟಿತು. ಕೃತಿಯ ಹಕ್ಕುಗಳು ಲೇಖಕರ ಕೋರಿಕೆಯಂತೆ ಅವರಿಗೇ ಮರಳಿದವು. ಬಳಿಕ ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ನಗರದ ‘ಅಹೋಯ್ ಕಾಮಿಕ್ಸ್’ ಎಂಬ ಸಣ್ಣ ಸಂಸ್ಥೆ ಇದನ್ನು ಕೈಗೆತ್ತಿಕೊಂಡಿತು. ಆ ಸಂಸ್ಥೆ ಪ್ರಕಟಣೆಗಳನ್ನು ಆರಂಭಿಸಿದ್ದೇ 2018ರಲ್ಲಿ ಎಂಬುದು ಗಮನಾರ್ಹ. ಮೊದಲ ಸರಣಿಯ 6 ಸಂಚಿಕೆಗಳ ನಂತರ 2021ರಲ್ಲಿ ‘ಓನ್ಲಿ ಬಿಗಾಟನ್ ಸನ್’, 2023ರಲ್ಲಿ ‘ಟ್ರಿನಿಟಿ’ ಎಂಬ ಮುಂದುವರಿದ ಭಾಗಗಳು ಬಂದವು.

ಚಿತ್ರಕಥೆ ಮತ್ತು ಬೈಬಲ್: ಹಳೆಯ ನಂಟು

ಚಿತ್ರಕಥೆಗೂ ಕ್ರೈಸ್ತ ವಸ್ತುವಿಗೂ ಇರುವ ನಂಟು ಹೊಸತಲ್ಲ. ಡಿಸಿಯ ಸೋದರ ಸಂಸ್ಥೆಯೊಂದನ್ನು ನಡೆಸುತ್ತಿದ್ದ ಮ್ಯಾಕ್ಸ್ ಗೇನ್ಸ್ 1942ರಲ್ಲೇ ‘ಪಿಕ್ಚರ್ ಸ್ಟೋರೀಸ್ ಫ್ರಂ ದಿ ಬೈಬಲ್’ ಎಂಬ ಮಾಲಿಕೆಯನ್ನು ಆರಂಭಿಸಿದ್ದರು. ಮುಂದೆ ಅವರು ಬೈಬಲ್ ಮತ್ತು ಇತಿಹಾಸದ ಚಿತ್ರಕಥೆಗಳಿಗಾಗಿ ‘ಎಜುಕೇಷನಲ್ ಕಾಮಿಕ್ಸ್’ ಸಂಸ್ಥೆಯನ್ನು ಸ್ಥಾಪಿಸಿದರು. 1947ರಲ್ಲಿ ದೋಣಿ ಅಪಘಾತದಲ್ಲಿ ಅವರು ತೀರಿಕೊಂಡ ಬಳಿಕ ಅದೇ ಸಂಸ್ಥೆ ಮಗ ವಿಲಿಯಂ ಗೇನ್ಸ್ ಅವರ ಕೈಯಲ್ಲಿ ಭಯಾನಕ ಕಥೆಗಳಿಗೆ ಹೆಸರಾಯಿತು. ಆ ಬಗೆಯ ಕಥೆಗಳ ವಿರುದ್ಧ ಎದ್ದ ಜನಾಭಿಪ್ರಾಯದ ಫಲವಾಗಿ 1954ರಲ್ಲಿ ಪ್ರಕಾಶಕರೇ ಸೇರಿ ಒಂದು ನಿಯಮಾವಳಿಯನ್ನು ರೂಪಿಸಿಕೊಂಡರು. ಯಾವುದೇ ಧರ್ಮದ ಅವಹೇಳನ ಸಲ್ಲದೆಂಬುದು ಅದರ ನಿಯಮಗಳಲ್ಲೊಂದಾಗಿತ್ತು.

ನಮ್ಮ ದೇಶದಲ್ಲಿಯೂ ಇದೇ ಭಕ್ತಿಪೂರ್ವಕ ಮಾದರಿಯ ಉದಾಹರಣೆಯುಂಟು. ಕಾರ್ಕಳ ಮೂಲದ ಅನಂತ ಪೈಯವರು 1967ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ‘ಅಮರ ಚಿತ್ರ ಕಥಾ’ದಲ್ಲಿ ಪೌರಾಣಿಕ ಕಥೆಗಳೊಂದಿಗೆ ಯೇಸುಕ್ರಿಸ್ತನ ಚರಿತ್ರೆಯೂ ಬಂದಿದೆ.

ಭಕ್ತಿಯಿಂದ ನಿರೂಪಿಸುವುದು ಒಂದು ಬಗೆ, ಕಲ್ಪನೆಯಿಂದ ಪ್ರಶ್ನಿಸುವುದು ಇನ್ನೊಂದು. ಎರಡನೆಯ ಬಗೆಗೆ ಅಡ್ಡಿಗಳು ಹೆಚ್ಚು. 1989ರಲ್ಲಿ ರಿಕ್ ವೀಚ್ ಅವರು ತಮ್ಮ ‘ಸ್ವಾಂಪ್ ಥಿಂಗ್’ ನಾಯಕನು ಕಾಲಯಾನದಲ್ಲಿ ಯೇಸುವನ್ನು ಕಾಣುವ ಕಥೆ ಬರೆದಾಗ ಡಿಸಿ ಅದನ್ನು ಪ್ರಕಟಿಸಲು ನಿರಾಕರಿಸಿತು. ವೀಚ್ ಮಾಲಿಕೆಯನ್ನೇ ತೊರೆದರು. ಇದಕ್ಕೆ ಪ್ರತಿಯಾಗಿ ಜಪಾನಿನ ಹಿಕಾರು ನಕಮುರಾ ಅವರು 2006ರಿಂದ ಬರೆಯುತ್ತ ಬಂದಿರುವ ‘ಸೇಂಟ್ ಯಂಗ್ ಮೆನ್’ ಮಾಲಿಕೆಯಲ್ಲಿ ಯೇಸು ಮತ್ತು ಬುದ್ಧ ಇಬ್ಬರೂ ಟೋಕಿಯೋದ ಬಾಡಿಗೆ ಕೋಣೆಯೊಂದರಲ್ಲಿ ರಜೆ ಕಳೆಯುತ್ತಾರೆ. ಈ ಲಘುಹಾಸ್ಯದ ಕೃತಿಗೆ 2009ರಲ್ಲಿ ತೆಜುಕಾ ಒಸಾಮು ಸಾಂಸ್ಕೃತಿಕ ಪ್ರಶಸ್ತಿ ದೊರೆಯಿತು. ಒಂದೇ ಬಗೆಯ ಕಲ್ಪನೆ ಒಂದು ಸಮಾಜದಲ್ಲಿ ನಗೆಯನ್ನೂ ಇನ್ನೊಂದರಲ್ಲಿ ನೋವನ್ನೂ ಉಂಟುಮಾಡಬಲ್ಲದು.

ಮಾಲಿಕೆ ಎತ್ತುವ ಪ್ರಶ್ನೆ

ಹಾಗಾದರೆ ‘ಸೆಕೆಂಡ್ ಕಮಿಂಗ್’ ಯೇಸುವನ್ನು ಗೇಲಿ ಮಾಡುತ್ತದೆಯೆ? ಇಲ್ಲವೆಂಬುದು ನಮ್ಮ ಅಭಿಪ್ರಾಯ. ಇಲ್ಲಿ ನಗೆಗೀಡಾಗುವುದು ಶಕ್ತಿಯ ಆರಾಧನೆ. ಈ ಪ್ರಶ್ನೆಯನ್ನು ರಸೆಲ್ ಹೊರಗಿನಿಂದ ತಂದದ್ದಲ್ಲ, ಅದು ಸುವಾರ್ತೆಗಳಲ್ಲೇ ಇದೆ. ಅರಣ್ಯದಲ್ಲಿ ಸೈತಾನನು ಲೋಕದ ಸಕಲ ರಾಜ್ಯಗಳನ್ನು ಮುಂದೊಡ್ಡಿದಾಗ ಯೇಸು ಅದನ್ನು ತಿರಸ್ಕರಿಸುತ್ತಾನೆ. ಬಂಧನದ ರಾತ್ರಿ ಶಿಷ್ಯನು ಕತ್ತಿ ಹಿರಿದಾಗ ಅದನ್ನು ಒರೆಗೆ ಸೇರಿಸಲು ಹೇಳುತ್ತಾನೆ. ಬೇಕಿದ್ದರೆ ದೇವದೂತರ ಸೇನೆಯನ್ನೇ ಕರೆಯಬಹುದಾಗಿದ್ದರೂ ಕರೆಯುವುದಿಲ್ಲ. ಶಕ್ತಿಯಿದ್ದೂ ಅದನ್ನು ಪ್ರಯೋಗಿಸದಿರುವುದು ಸೋಲೋ ಗೆಲುವೋ ಎಂಬುದು ಎರಡು ಸಾವಿರ ವರ್ಷಗಳ ಪ್ರಶ್ನೆ. ಅದನ್ನು ಸೂಪರ್‌ಹೀರೋ ಒಬ್ಬನ ಮಗ್ಗುಲಲ್ಲಿಟ್ಟು ಕೇಳಿದ್ದು ಮಾತ್ರ ಹೊಸತು.

ಇಷ್ಟಾಗಿಯೂ ಆಕ್ಷೇಪವೆಲ್ಲ ನಿರಾಧಾರವೆನ್ನುವಂತಿಲ್ಲ. ಯೇಸುವಿನ ಪಾತ್ರದಲ್ಲಿ ಕಾಣುವ ಗೌರವ ತಂದೆಯಾದ ದೇವರ ಪಾತ್ರದಲ್ಲಿ ಕಾಣುವುದಿಲ್ಲ. ತಂದೆ ಮತ್ತು ಮಗ ಒಂದೇ ಎಂದು ನಂಬುವ ವಿಶ್ವಾಸಿಗೆ, ಒಬ್ಬನನ್ನು ಮೇಲೆತ್ತಲು ಇನ್ನೊಬ್ಬನನ್ನು ಕೆಳಗಿಳಿಸುವ ಈ ಜೋಡಣೆ ನೋವು ತರುವುದು ಸಹಜ. ಭಾಷೆಯೂ ಕೆಲವು ಚಿತ್ರಗಳೂ ವಯಸ್ಕರಿಗೆ ಮಾತ್ರ ತಕ್ಕವು. ಆದ್ದರಿಂದ ಮಕ್ಕಳ ಕೈಗೆ ಕೊಡುವ ಪುಸ್ತಕ ಇದಲ್ಲ.

ಆದರೆ ಇವೆಲ್ಲ ಪುಸ್ತಕವನ್ನು ಓದಿದ ಮೇಲೆ ಹೇಳಬಹುದಾದ ಮಾತುಗಳು. ಮನವಿಗೆ ಸಹಿ ಬಿದ್ದಾಗ ಅಂಗಡಿಯಲ್ಲಿ ಒಂದು ಪ್ರತಿಯೂ ಇರಲಿಲ್ಲ. ಸಹಿ ಹಾಕಿದವರ ಎದುರಿಗಿದ್ದುದು ಕಥೆಯ ಸಾರಾಂಶವೇ ಹೊರತು ಕಥೆಯಲ್ಲ. ಸಣ್ಣ ಪ್ರಕಾಶಕರೊಬ್ಬರು ಮುಂದೆ ಬಾರದೆ ಇದ್ದಿದ್ದರೆ ಈ ಮಾಲಿಕೆಯನ್ನು ಒಪ್ಪುವ ಅವಕಾಶದಂತೆಯೇ ಓದಿ ಆಕ್ಷೇಪಿಸುವ ಅವಕಾಶವೂ ನಮಗೆ ಇರುತ್ತಿರಲಿಲ್ಲ.