ಚರ್ಮದ ಹೊಲಿಗೆ ಯಂತ್ರ

ಚರ್ಮದ ಹೊಲಿಗೆ ಯಂತ್ರವು ಬಟ್ಟೆಗಿಂತ ದಪ್ಪವೂ ಬಿಗಿಯೂ ಆದ ಹದಗೊಳಿಸಿದ ಚರ್ಮವನ್ನು ಹೊಲಿಯಲು ರೂಪಿಸಲಾದ ಯಂತ್ರ. ಪಾದರಕ್ಷೆ, ಸೊಂಟಪಟ್ಟಿ, ಚೀಲ, ಕುದುರೆಯ ಜೀನು, ವಾಹನಗಳ ಆಸನ ಮೊದಲಾದವುಗಳ ತಯಾರಿಕೆಯಲ್ಲಿ ಇದರ ಬಳಕೆಯಿದೆ. ಬಹುಪಾಲು ಮಾದರಿಗಳು ಕಾರ್ಖಾನೆಗಳಿಗಾಗಿಯೇ ತಯಾರಾದವು. ಹವ್ಯಾಸಕ್ಕಾಗಿ ಮನೆಯಲ್ಲಿ ಚರ್ಮದ ಕೆಲಸ ಮಾಡುವವರು ಅವುಗಳಲ್ಲಿ ಒಂದನ್ನು ತಮ್ಮ ಅಗತ್ಯಕ್ಕೆ ಹೊಂದಿಸಿಕೊಳ್ಳಬೇಕಾಗುತ್ತದೆ. ಯಂತ್ರದ ಶಕ್ತಿಯನ್ನು ಮೋಟಾರಿನ ಬಲದಿಂದ ಅಳೆಯುವುದು ಸಾಮಾನ್ಯ ತಪ್ಪು ಗ್ರಹಿಕೆ. ದಪ್ಪ ಚರ್ಮವನ್ನು ಹೊಲಿಯುವ ಸಾಮರ್ಥ್ಯವು ಮುಖ್ಯವಾಗಿ ಪಾದ ಎಷ್ಟು ಎತ್ತರಕ್ಕೆ ಏಳುತ್ತದೆ, ಯಂತ್ರ ಚರ್ಮವನ್ನು ಹೇಗೆ ಮುಂದಕ್ಕೆ ಸಾಗಿಸುತ್ತದೆ ಮತ್ತು ಎಷ್ಟು ದಪ್ಪದ ಸೂಜಿದಾರಗಳನ್ನು ಸ್ವೀಕರಿಸುತ್ತದೆ ಎಂಬುದನ್ನು ಅವಲಂಬಿಸಿದೆ.

ಹಿನ್ನೆಲೆ

ಎರಡು ದಾರಗಳು ಪರಸ್ಪರ ಬಿಗಿದುಕೊಳ್ಳುವ ಲಾಕ್‌ಸ್ಟಿಚ್ ಯಂತ್ರಕ್ಕೆ ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದನು. ಐಸಾಕ್ ಸಿಂಗರ್ 1851ರಲ್ಲಿ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದನು. ಪಾದರಕ್ಷೆಯ ಅಟ್ಟೆಯನ್ನು ಮೇಲ್ಭಾಗಕ್ಕೆ ಹೊಲಿಯುವ ಯಂತ್ರಕ್ಕೆ ಲೈಮನ್ ಬ್ಲೇಕ್ 1858ರಲ್ಲಿ ಪೇಟೆಂಟ್ ಪಡೆದನು. ಸಿಂಗರ್ ಸಂಸ್ಥೆಯು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿದ್ದ ಕಿಲ್ಬೌವಿ ಕಾರ್ಖಾನೆಯಲ್ಲಿ ತಯಾರಿಸಿದ 29ಕೆ ಸರಣಿಯ ದುರಸ್ತಿ ಯಂತ್ರಗಳು ಚಮ್ಮಾರಿಕೆಯಲ್ಲಿ ಬಹುಕಾಲ ಉಳಿದವು. ಹೆಸರಿನಲ್ಲಿರುವ ‘ಕೆ’ ಅಕ್ಷರ ಆ ಕಾರ್ಖಾನೆಯ ಗುರುತು.

ಕರ್ನಾಟಕದಲ್ಲಿ ಚರ್ಮದ ಹೊಲಿಗೆಯ ಪರಂಪರೆ ಯಂತ್ರಕ್ಕಿಂತ ಬಹಳ ಹಳೆಯದು. ಸಮಗಾರ, ಮೋಚಿ, ಮಾದಿಗ ಮುಂತಾದ ಸಮುದಾಯಗಳು ಕೆರ, ಬಾರುಕೋಲು, ನೀರೆತ್ತುವ ಕಪಿಲೆಯ ಚರ್ಮದ ಚೀಲ ಮೊದಲಾದವುಗಳನ್ನು ಉಳಿ, ದಬ್ಬಳ ಮತ್ತು ಚರ್ಮದ ದಾರಗಳಿಂದಲೇ ಹೊಲಿಯುತ್ತಿದ್ದವು. ಅಥಣಿ ಮತ್ತು ಸುತ್ತಲಿನ ಪ್ರದೇಶಗಳಲ್ಲಿ ತಯಾರಾಗುವ ಕೊಲ್ಹಾಪುರಿ ಚಪ್ಪಲಿಗಳು ಇಂದಿಗೂ ಕೈಹೊಲಿಗೆಯವೇ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳನ್ನೂ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳನ್ನೂ ಒಳಗೊಂಡಂತೆ 2019ರಲ್ಲಿ ಇವುಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಇದಕ್ಕೆ ಕರ್ನಾಟಕದ ಲಿಡ್ಕರ್ ಹಾಗೂ ಮಹಾರಾಷ್ಟ್ರದ ಲಿಡ್ಕಾಮ್ ನಿಗಮಗಳು ಜಂಟಿಯಾಗಿ ಅರ್ಜಿ ಸಲ್ಲಿಸಿದ್ದವು.

ಬೇಲೂರಿನ ಪಾದರಕ್ಷೆಗಳು

ಹಾಸನ ಜಿಲ್ಲೆಯಲ್ಲಿ ದಪ್ಪ ಚರ್ಮದ ಕೆಲಸಕ್ಕೆ ಸಂಬಂಧಿಸಿದ ಅತ್ಯಂತ ಪ್ರಸಿದ್ಧ ಸಂಪ್ರದಾಯ ಬೇಲೂರಿನ ಚೆನ್ನಕೇಶವ ದೇವಾಲಯದ್ದು. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಇದನ್ನು ದಾಖಲಿಸಿದೆ. ಅಲ್ಲಿ ಹೇಳಿರುವಂತೆ, ದೇವರ ಮೂರ್ತಿಯನ್ನು ಬಾಬಾಬುಡನ್‌ಗಿರಿಯಿಂದ ತರುವಾಗ ದೇವಿಯು ಅಲ್ಲಿಯೇ ಉಳಿದುಹೋದಳು. ಆಕೆಯನ್ನು ಕಾಣಲು ಚೆನ್ನಿಗರಾಯನು ಆಗಾಗ್ಗೆ ಬೆಟ್ಟಕ್ಕೆ ಹೋಗಿಬರುತ್ತಾನೆ. ಇದಕ್ಕಾಗಿ ದೇವಾಲಯದಲ್ಲಿ ಒಂದು ಜೊತೆ ಪಾದರಕ್ಷೆಗಳನ್ನು ಇರಿಸಲಾಗುತ್ತಿತ್ತು. ಅವು ಸವೆದಾಗ ಚನ್ನಗಿರಿ ಮತ್ತು ಬಸವಾಪಟ್ಟಣದ ಚರ್ಮಕಾರರಿಗೆ ಕನಸಿನಲ್ಲಿ ಸೂಚನೆಯಾಗುತ್ತದೆಂದೂ, ಹೊಸ ಜೊತೆಯನ್ನು ಒಪ್ಪಿಸಲು ಅವರಿಗೆ ದೇವಾಲಯದ ಅಂಗಳದೊಳಗೆ ಪ್ರವೇಶವಿತ್ತೆಂದೂ ದಾಖಲೆ ತಿಳಿಸುತ್ತದೆ. ದೇವರ ಪಾದಕ್ಕೆ ಬೇಕಾದ ವಸ್ತುವನ್ನು ಹೊಲಿದವರಿಗೆ ಅಂಗಳದ ಪ್ರವೇಶವೇ ಒಂದು ವಿಶೇಷ ಅವಕಾಶವಾಗಿತ್ತೆಂಬುದು ಆ ಕಾಲದ ಅಸ್ಪೃಶ್ಯತೆಯ ಸ್ವರೂಪವನ್ನೂ ತೋರಿಸುತ್ತದೆ.

ಚರ್ಮದ ಕೆಲಸ ‘ಹವ್ಯಾಸ’ವಾಗಿ ಕಾಣಿಸಿಕೊಂಡದ್ದು ಈಚೆಗೆ. ಇದಕ್ಕೆ ಹಿಂದಿನ ಒಂದು ಪ್ರಸಿದ್ಧ ಅಪವಾದ ಗಾಂಧೀಜಿ: ದಕ್ಷಿಣ ಆಫ್ರಿಕದಲ್ಲಿ 1910ರಲ್ಲಿ ಸ್ಥಾಪನೆಯಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಅವರು ಕೆರ ಹೊಲಿಯುವುದನ್ನು ಕಲಿತರು. ಯಂತ್ರಗಳ ಬಗ್ಗೆ ಶಂಕೆಯಿದ್ದ ಅವರು ಸಿಂಗರ್ ಹೊಲಿಗೆ ಯಂತ್ರವನ್ನು ಮಾತ್ರ ಅದಕ್ಕೆ ಹೊರತೆಂದು ಪರಿಗಣಿಸಿದ್ದರು.

ದಪ್ಪದ ಅಳತೆ

ಯಂತ್ರದ ಆಯ್ಕೆಗೆ ಮೊದಲು ತಿಳಿಯಬೇಕಾದದ್ದು ಚರ್ಮದ ದಪ್ಪವಲ್ಲ, ಹೊಲಿಗೆಯ ಹಾದಿಯಲ್ಲಿ ಬರುವ ಅತ್ಯಂತ ದಪ್ಪ ಜೋಡಣೆ. ಹಣದ ಚೀಲಕ್ಕೆ ಬಳಸುವ ಚರ್ಮ 1ರಿಂದ 1.5 ಮಿ.ಮೀ. ಇದ್ದರೂ ನಾಲ್ಕು ಪದರ ಸೇರುವಲ್ಲಿ ಅದು 5 ಮಿ.ಮೀ. ಆಸುಪಾಸಿಗೆ ಬರುತ್ತದೆ. 3.5 ಮಿ.ಮೀ. ಚರ್ಮವನ್ನು ಇಮ್ಮಡಿಸಿ ಮಾಡಿದ ಸೊಂಟಪಟ್ಟಿ 7 ಮಿ.ಮೀ. ಆಗುತ್ತದೆ. ಮಾರಾಟಗಾರರು ಕೆಲವೊಮ್ಮೆ ದಪ್ಪವನ್ನು ಔನ್ಸ್‌ಗಳಲ್ಲಿ ಹೇಳುತ್ತಾರೆ. 1 ಔನ್ಸ್ ಎಂದರೆ ಸುಮಾರು 0.4 ಮಿ.ಮೀ. ಅಂಚುಗಳನ್ನು ಕೆತ್ತಿ ತೆಳುಮಾಡಿದರೆ ಜೋಡಣೆಯ ದಪ್ಪ ಗಣನೀಯವಾಗಿ ತಗ್ಗುತ್ತದೆ. ಹರಿತವಾದ ಒಂದು ಕೆತ್ತುವ ಕತ್ತಿಯಿಂದ ದೊಡ್ಡ ಯಂತ್ರದ ಅಗತ್ಯವೇ ತಪ್ಪಿದ ಸಂದರ್ಭಗಳು ಕಡಿಮೆಯಲ್ಲ.

ಚರ್ಮ ಹದಗೊಂಡ ಬಗೆಯೂ ಪರಿಣಾಮ ಬೀರುತ್ತದೆ. ತಂಗಡಿ ತೊಗಟೆ, ಅಳಲೆಕಾಯಿ ಮುಂತಾದ ಸಸ್ಯಮೂಲಗಳಿಂದ ಹದಗೊಳಿಸಿದ ಚರ್ಮ ಬಿಗಿಯಾಗಿದ್ದು, ಯಂತ್ರದ ಹಲ್ಲುಗಳ ಗುರುತು ಅದರ ಮೇಲೆ ಅಳಿಯದೆ ಉಳಿಯುತ್ತದೆ. ಕ್ರೋಮಿಯಂ ಲವಣಗಳಿಂದ ಹದಗೊಳಿಸಿದ್ದು ಮೃದುವಾಗಿ, ಎಳೆದಂತೆ ಹಿಗ್ಗುತ್ತದೆ.

ಚರ್ಮವನ್ನು ಸಾಗಿಸುವ ಬಗೆಗಳು

ಮನೆಬಳಕೆಯ ಯಂತ್ರದಲ್ಲಿ ಕೆಳಗಿನ ಹಲ್ಲುಪಟ್ಟಿಯೊಂದೇ ಬಟ್ಟೆಯನ್ನು ತಳ್ಳುತ್ತದೆ. ಮೇಲಿನ ಪಾದ ಅದನ್ನು ಒತ್ತಿ ಹಿಡಿದಿರುತ್ತದೆ. ಚರ್ಮ ನಯವಾದ ಲೋಹದ ಪಾದಕ್ಕೆ ಅಂಟಿಕೊಳ್ಳುವುದರಿಂದ ಕೆಳಪದರ ಮುಂದೆ ಸಾಗಿ ಮೇಲ್ಪದರ ಹಿಂದೆ ಉಳಿಯುತ್ತದೆ, ಹೊಲಿಗೆಗಳು ಒಂದರ ಮೇಲೊಂದು ಬೀಳುತ್ತವೆ. 1930ರ ದಶಕದಿಂದ ಕೊಲ್ಕತ್ತದ ಜೇ ಎಂಜಿನಿಯರಿಂಗ್ ವರ್ಕ್ಸ್ ತಯಾರಿಸುತ್ತ ಬಂದ ಉಷಾ ಯಂತ್ರಗಳಂಥ ಹಳೆಯ ಎರಕದ ಕಬ್ಬಿಣದ ತುಳಿಯಂತ್ರಗಳು 2 ಮಿ.ಮೀ. ಆಸುಪಾಸಿನ ಮೃದು ಚರ್ಮವನ್ನು ತೆಳುದಾರದಲ್ಲಿ ಹೊಲಿಯಬಲ್ಲವು. ಗಟ್ಟಿ ಕಬ್ಬಿಣದ ಮೈಯಿದ್ದ ಮಾತ್ರಕ್ಕೆ ಅವು ಚರ್ಮದ ಯಂತ್ರಗಳಾಗುವುದಿಲ್ಲ. ಹಳೆಯ ಮನೆಬಳಕೆಯ ಯಂತ್ರಕ್ಕೆ ದೊಡ್ಡ ಮೋಟಾರು ಜೋಡಿಸಿ ‘ಇಂಡಸ್ಟ್ರಿಯಲ್’ ಎಂದು ಮಾರುವುದು ಈ ಗೊಂದಲದ ಲಾಭ ಪಡೆಯುವ ಪದ್ಧತಿ.

ವಾಕಿಂಗ್ ಫೂಟ್ ಯಂತ್ರದಲ್ಲಿ ಎರಡು ಪಾದಗಳು ಹೆಜ್ಜೆಯಿಟ್ಟಂತೆ ಸರದಿಯಲ್ಲಿ ಏಳುತ್ತವೆ. ಕಾಂಪೌಂಡ್ ಫೀಡ್ ಮಾದರಿಗಳಲ್ಲಿ ಒಳಪಾದ, ಹಲ್ಲುಪಟ್ಟಿ ಮತ್ತು ಚರ್ಮದೊಳಗೆ ಇಳಿದಿರುವ ಸೂಜಿ ಮೂರೂ ಒಟ್ಟಿಗೆ ಹಿಂದಕ್ಕೆ ಸರಿಯುವುದರಿಂದ ಪದರಗಳು ಜಾರುವುದಿಲ್ಲ. ಜೂಕಿ ಡಿಎನ್‌ಯು–1541 ಇಂತಹ ಚಪ್ಪಟೆ ಹಾಸಿನ ಯಂತ್ರ. ಚೀಲ ಹಾಗೂ ಸೊಂಟಪಟ್ಟಿಗಳ ಹವ್ಯಾಸಿಗೆ ಈ ವರ್ಗವೇ ಹೆಚ್ಚು ಸೂಕ್ತ. ತೋಳಿನಂಥ ಹಾಸುಳ್ಳ ಯಂತ್ರಗಳು ಚೀಲದ ಒಳಬದಿಯನ್ನು ತಲುಪುತ್ತವೆ. ಜೂಕಿ 441 ವಿನ್ಯಾಸದ ಭಾರೀ ಯಂತ್ರಗಳು ಸುಮಾರು 20 ಮಿ.ಮೀ. ದಪ್ಪವನ್ನೂ ಹೊಲಿಯುತ್ತವೆ, ಆದರೆ ಮೇಜು ಸೇರಿ ಅವುಗಳ ತೂಕ ನೂರು ಕಿಲೋಗ್ರಾಂ ಮೀರುತ್ತದೆ. ತೆಳುವಾದ ಹಣದ ಚೀಲಕ್ಕೆ ಅವು ಒರಟೇ.

ದುರಸ್ತಿ ಯಂತ್ರ ಅಥವಾ ಪ್ಯಾಚರ್ ಬೇರೆಯೇ ಬಗೆಯದು. ಇದರಲ್ಲಿ ಕೆಳಗೆ ಹಲ್ಲುಪಟ್ಟಿ ಇರುವುದಿಲ್ಲ. ಮೇಲಿನ ಪಾದವೇ ಚರ್ಮವನ್ನು ಹಿಡಿದು ಎಳೆಯುತ್ತದೆ. ಆ ಪಾದವನ್ನು ಸುತ್ತಲೂ ಯಾವ ದಿಕ್ಕಿಗಾದರೂ ತಿರುಗಿಸಬಹುದು. ಕಿರಿದಾದ ಉದ್ದ ತೋಳು ಬೂಟಿನ ಒಳಗೂ ಹೋಗುತ್ತದೆ. ಆದರೆ ಹೆಚ್ಚಿನ ಮಾದರಿಗಳಲ್ಲಿ ಬಾಬಿನ್ ಬಹಳ ಚಿಕ್ಕದು, ದಪ್ಪ ದಾರ ಹಿಡಿಸದು, ಉದ್ದನೆಯ ನೇರ ಹೊಲಿಗೆ ಅಷ್ಟು ಅಂದವಾಗಿ ಬೀಳದು. ಬಹುಕಾಲ ಬಳಕೆಯಾದ 29ಕೆ ಯಂತ್ರದಲ್ಲಿ ಸಂಧಿಗಳು ಸವೆದು ಹೊಲಿಗೆಯ ಉದ್ದ ಕುಗ್ಗಿರುತ್ತದೆ. ಕೊಳ್ಳುವಾಗ ಮೊದಲು ನೋಡಬೇಕಾದ ದೋಷ ಇದು. ಇದೇ ತತ್ತ್ವದ ಮೇಲೆ ಚೀನಾದಲ್ಲಿ ತಯಾರಾಗುವ ಕೈಚಕ್ರದ ಅಗ್ಗದ ಯಂತ್ರಗಳು ಒರಟಾದ ಎರಕದವು. ದಾರ ಹಾಯುವ ಅಂಚುಗಳನ್ನು ಅರದಿಂದ ಉಜ್ಜಿ ನಯಗೊಳಿಸಿದ ಮೇಲಷ್ಟೇ ಅವು ಸರಿಯಾಗಿ ಕೆಲಸ ಮಾಡುತ್ತವೆ.

ಸೂಜಿ ಮತ್ತು ದಾರ

ಸೂಜಿಯ ಮೆಟ್ರಿಕ್ ಸಂಖ್ಯೆಯನ್ನು ನೂರರಿಂದ ಭಾಗಿಸಿದರೆ ಅದರ ವ್ಯಾಸ ಮಿ.ಮೀ.ಗಳಲ್ಲಿ ದೊರೆಯುತ್ತದೆ, 140 ಸಂಖ್ಯೆಯ ಸೂಜಿ 1.4 ಮಿ.ಮೀ. ದಪ್ಪ, ಹಳೆಯ ಎಣಿಕೆಯಲ್ಲಿ ಇದು 22. ದಾರದ ಟೆಕ್ಸ್ ಸಂಖ್ಯೆ ಒಂದು ಸಾವಿರ ಮೀಟರ್ ದಾರದ ತೂಕವನ್ನು ಗ್ರಾಂಗಳಲ್ಲಿ ಸೂಚಿಸುತ್ತದೆ. ಸಾಮಾನ್ಯವಾಗಿ ಟೆಕ್ಸ್ 70 ದಾರಕ್ಕೆ 110ರ ಸೂಜಿ, ಟೆಕ್ಸ್ 135ಕ್ಕೆ 140, ಟೆಕ್ಸ್ 210ಕ್ಕೆ 180 ಹೊಂದುತ್ತದೆ. ಬಾಂಡೆಡ್ ನೈಲಾನ್ ಮತ್ತು ಪಾಲಿಯೆಸ್ಟರ್ ದಾರಗಳು ಹೆಚ್ಚು ಬಳಕೆಯಲ್ಲಿವೆ. ಚರ್ಮದ ಸೂಜಿಯ ಮೊನೆ ಕತ್ತಿಯಂತೆ ಕೊಯ್ದು ಸಾಗುತ್ತದೆ, ಬಟ್ಟೆಯ ಸೂಜಿ ಎಳೆಗಳನ್ನು ಸರಿಸಿ ಸಾಗುತ್ತದೆ. ಚರ್ಮದಲ್ಲಿ ಬಿದ್ದ ತೂತು ಮುಚ್ಚುವುದಿಲ್ಲ; ಹೊಲಿಗೆಗಳು ತೀರ ಒತ್ತಾದರೆ ಅಂಚೆಚೀಟಿಯ ಅಂಚಿನಂತೆ ಚರ್ಮ ಹರಿಯುತ್ತದೆ.

ಮೋಟಾರು

ಹಳೆಯ ಕ್ಲಚ್ ಮೋಟಾರುಗಳು ಕಾಲಿಟ್ಟ ಕೂಡಲೇ ವೇಗವಾಗಿ ಓಡುತ್ತವೆ. ಮೂಲೆ ತಿರುಗಿಸಲು ಒಂದೊಂದೇ ಹೊಲಿಗೆ ಹಾಕಬೇಕಾದ ಹವ್ಯಾಸಿಗೆ ಸರ್ವೋ ಮೋಟಾರು ಅನುಕೂಲ. ನಡುವೆ ಮೂರಕ್ಕೊಂದರ ಅನುಪಾತದ ಗಾಲಿ ಜೋಡಿಸಿದರೆ ವೇಗ ಮೂರನೇ ಒಂದಕ್ಕೆ ಇಳಿದು ತಿರುಚುಬಲ ಸುಮಾರು ಮೂರು ಪಟ್ಟು ಏರುತ್ತದೆ. ಕಾರ್ಖಾನೆಗಳಿಂದ ಬಂದ ಕೆಲವು ಮೋಟಾರುಗಳಿಗೆ 415 ವೋಲ್ಟಿನ ಮೂರು ಫೇಸ್ ವಿದ್ಯುತ್ ಬೇಕು, ಮನೆಯ ಸಂಪರ್ಕ ಸಾಮಾನ್ಯವಾಗಿ 230 ವೋಲ್ಟಿನ ಒಂದೇ ಫೇಸಿನದು.

ಹಾಸನ ಜಿಲ್ಲೆಯಲ್ಲಿ ಲಭ್ಯತೆ

ಅರಸೀಕೆರೆ, ಬೇಲೂರು, ಹಳೇಬೀಡುಗಳಂಥ ಊರುಗಳಲ್ಲಿ ಸಿಗುವ ಹೊಲಿಗೆ ಯಂತ್ರಗಳು ಬಹುತೇಕ ದರ್ಜಿಗಳ ಬಳಕೆಯವು. ಸಿದ್ಧ ಉಡುಪಿನ ಕಾರ್ಖಾನೆಗಳಿಂದ ಹಳೆಯ ಯಂತ್ರಗಳೂ ಮಾರುಕಟ್ಟೆಗೆ ಬರುತ್ತವೆ, ಆದರೆ ಅವು ತೆಳುಬಟ್ಟೆಯನ್ನು ಅತಿವೇಗವಾಗಿ ಹೊಲಿಯಲು ನಿರ್ಮಿತವಾದವು. ‘ಕಾರ್ಖಾನೆಯ ಯಂತ್ರ’ ಎಂಬ ಹೆಸರಿಗೆ ಮರುಳಾಗಿ ಕೊಂಡರೆ ಚರ್ಮಕ್ಕೆ ಅವು ಮನೆಯ ತುಳಿಯಂತ್ರಕ್ಕಿಂತಲೂ ಕಡಿಮೆ ಉಪಯುಕ್ತ. ಚರ್ಮದ ಯಂತ್ರಗಳಿಗೆ ಬೆಂಗಳೂರನ್ನೋ, ಚರ್ಮೋದ್ಯಮದ ಕೇಂದ್ರಗಳಾದ ತಮಿಳುನಾಡಿನ ಆಂಬೂರು, ವಾಣಿಯಂಬಾಡಿ, ರಾಣಿಪೇಟೆಗಳನ್ನೋ ಅವಲಂಬಿಸಬೇಕು. ಅರಸೀಕೆರೆ ರೈಲು ಜಂಕ್ಷನ್ ಆಗಿರುವುದರಿಂದ ಬೆಂಗಳೂರಿಗೆ ನೇರ ಸಂಪರ್ಕವಿದೆ. ಮಲೆನಾಡಿನ ಅಂಚಿನಲ್ಲಿರುವ ಬೇಲೂರಿನ ಮಳೆಗಾಲದ ತೇವದಲ್ಲಿ ಚರ್ಮಕ್ಕೆ ಬೂಷ್ಟು, ಎರಕದ ಯಂತ್ರಕ್ಕೆ ತುಕ್ಕು ಬೇಗ ಹಿಡಿಯುತ್ತವೆ. ಬಯಲುಸೀಮೆಯ ಅರಸೀಕೆರೆಯಲ್ಲಿ ಈ ತೊಂದರೆ ಕಡಿಮೆ.

ದೂರದಿಂದ ತರಿಸುವ ಯಂತ್ರವನ್ನು ಹಿಂದಿರುಗಿಸುವುದು ಕಷ್ಟವಾದ್ದರಿಂದ ಕೊಳ್ಳುವ ಮುನ್ನ ಪರೀಕ್ಷೆ ಅಗತ್ಯ. ಹೊಲಿಯಲಿರುವ ಚರ್ಮದ ತುಂಡುಗಳನ್ನೂ ದಾರವನ್ನೂ ಕೊಂಡೊಯ್ದು, ಅತಿ ದಪ್ಪ ಜೋಡಣೆಯ ಮೇಲೆ ಮೊದಲು ಚಕ್ರವನ್ನು ಕೈಯಿಂದಲೇ ತಿರುಗಿಸಿ, ಅನಂತರ ಮೋಟಾರಿನಲ್ಲಿ ನಿಧಾನವಾಗಿ ಹೊಲಿದು ನೋಡಬೇಕು. ಕೆಳಬದಿಯ ಹೊಲಿಗೆ ಸಮವಾಗಿದೆಯೇ, ದಾರಗಳ ಗಂಟು ಚರ್ಮದ ಒಳಗೇ ಅಡಗಿದೆಯೇ ಎಂಬುದು ಯಂತ್ರದ ಸ್ಥಿತಿಯನ್ನು ಹೇಳುತ್ತದೆ. ಅಂಗಡಿಯಾತ ತೆಳುಬಟ್ಟೆಯ ಮೇಲೆ ತೋರಿಸುವ ಹೊಲಿಗೆಯಿಂದ ಏನೂ ತಿಳಿಯದು. ಆ ಯಂತ್ರಕ್ಕೆ ಹೊಂದುವ ಸೂಜಿಯ ಮಾದರಿ ಸಂಖ್ಯೆಯನ್ನೂ ಬರೆದುಕೊಳ್ಳಬೇಕು. ಊರಿನ ಅಂಗಡಿಯಲ್ಲಿ ಸಿಗುವ ಸೂಜಿ ಅದಕ್ಕೆ ಕೂರುವುದಿಲ್ಲ.

ಕೈಹೊಲಿಗೆಯೊಡನೆ ಹೋಲಿಕೆ

ಒಂದೇ ದಾರದ ಎರಡು ತುದಿಗಳಿಗೆ ಸೂಜಿ ಪೋಣಿಸಿ, ಪ್ರತಿ ರಂಧ್ರದಲ್ಲೂ ಎರಡನ್ನೂ ಎದುರುಬದುರಾಗಿ ಹಾಯಿಸುವ ಜೀನು ಹೊಲಿಗೆಯಲ್ಲಿ ಒಂದು ಎಳೆ ಸವೆದು ಹರಿದರೂ ಇನ್ನೊಂದು ಹಿಡಿದಿರುತ್ತದೆ. ಯಂತ್ರದ ಲಾಕ್‌ಸ್ಟಿಚ್‌ನಲ್ಲಿ ಮೇಲಿನ ದಾರ ಹರಿದರೆ ಸುತ್ತಲಿನ ಹೊಲಿಗೆಗಳೂ ಸಡಿಲಗೊಳ್ಳುತ್ತವೆ. ಚಮ್ಮಾರರು ಕೊಕ್ಕೆಯುಳಿಯಿಂದ ಕುಣಿಕೆಯನ್ನು ಮೇಲೆಳೆದು ಅದರೊಳಗೆ ಇನ್ನೊಂದು ದಾರ ತೂರಿಸುವುದು ಕೂಡ ರಚನೆಯಲ್ಲಿ ಲಾಕ್‌ಸ್ಟಿಚ್ಚೇ, ಆದರೆ ಪ್ರತಿ ಹೊಲಿಗೆಯನ್ನೂ ಕೈಯಿಂದ ಬಿಗಿಯುವುದರಿಂದ ಅದು ಗಟ್ಟಿ.

ವೇಗದಲ್ಲಿ ಹೋಲಿಕೆಯೇ ಇಲ್ಲ. ಅಂಗುಲಕ್ಕೆ ಐದು ಹೊಲಿಗೆಯಂತೆ ಒಂದು ಮೀಟರ್ ಉದ್ದಕ್ಕೆ ಸುಮಾರು 200 ರಂಧ್ರಗಳಾಗುತ್ತವೆ. ಸೊಂಟಪಟ್ಟಿಯ ಎರಡೂ ಅಂಚುಗಳಿಗೆ 400. ತಿಂಗಳಿಗೆ ಒಂದೆರಡು ವಸ್ತು ಮಾಡುವವರಿಗೆ ಎರಡು ಸೂಜಿ, ಒಂದು ಉಳಿ, ಚರ್ಮ ಹಿಡಿದಿಡುವ ಮರದ ಇಕ್ಕಳ ಸಾಕು. ಯಂತ್ರದ ಬೆಲೆಗೆ ಅವರು ಹಲವು ವರ್ಷಗಳ ಚರ್ಮ ಕೊಳ್ಳಬಹುದು. ವಾರಕ್ಕೆ ಹಲವು ಚೀಲ ಹೊಲಿಯುವವರ ಮಣಿಕಟ್ಟು, ಬೆರಳುಗಳು ನೋಯತೊಡಗಿದಾಗ ಕಾಂಪೌಂಡ್ ಫೀಡ್ ಯಂತ್ರದ ಖರ್ಚು ಸಮರ್ಥನೀಯ. ಯಂತ್ರ ಕೊಂಡ ಅನೇಕರು ಕೂಡ ಅತಿ ದಪ್ಪ ಜೋಡಣೆಗಳನ್ನೂ ಬಾರಿನ ತುದಿಗಳನ್ನೂ ಕೈಯಿಂದಲೇ ಹೊಲಿಯುತ್ತಾರೆ.